ಕೆರೆಯ ನೀರೂ ಕರುಳಿನ ಬೇನೆಯೂ



ಮುಂಗಾರಿನ ಮೊದಲ ಮಳೆಗಳು ಬಿದ್ದ ಕೆಲವು ದಿನಗಳಲ್ಲಿಯೇ ನಮ್ಮ ವರ್ತಮಾನಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಕಾಣಿಸಿಕೊಳ್ಳುವುದುಂಟು. ಇಂಥ ತಾಲೂಕಿನ ಇಂಥ ಹಳ್ಳಿಯಲ್ಲಿ ವಾಂತಿಭೇದಿ. ಇಷ್ಟು ಮಂದಿ ಆಸ್ಪತ್ರೆಗೆ ಸೇರಿದರು. ಕಲುಷಿತವಾದ ನೀರೇ ಕಾರಣವೆಂದು ಶಂಕಿಸಲಾಗಿದೆ. ಇಷ್ಟನ್ನು ಓದಿ ನಾವು ಪುಟ ತಿರುವುತ್ತೇವೆ. ಈ ಹೊತ್ತು ಆ ಕಡೆಯ ಮಾತಿನ ಮೇಲೆ, ಎಂದರೆ 'ಶಂಕಿಸಲಾಗಿದೆ' ಎಂಬುದರ ಮೇಲೆ, ಸ್ವಲ್ಪ ಹೊತ್ತು ನಿಲ್ಲಬೇಕೆಂದಿರುವೆವು. ಯಾವ ನೀರು? ಕೆರೆಯದೋ, ನಳದ್ದೋ, ಮನೆಯ ಹರವಿಯಲ್ಲಿ ತುಂಬಿಟ್ಟದ್ದೋ? ಆ ನೀರಿನಲ್ಲಿದ್ದ ರೋಗಾಣು ಯಾವುದು? ಮೊದಲು ಬಿದ್ದವರು ಯಾರು? ಅದೇ ನೀರು ಕುಡಿದೂ ಬೀಳದೆ ಉಳಿದವರು ಯಾರು? ಈ ಪ್ರಶ್ನೆಗಳನ್ನು ಕೇಳುವ ಶಾಸ್ತ್ರವೊಂದುಂಟು. ಅದಕ್ಕೆ ಸಾಂಕ್ರಾಮಿಕ ರೋಗಶಾಸ್ತ್ರವೆಂದು ಹೆಸರು. ವೈದ್ಯನು ರೋಗಿಯ ನಾಡಿಯನ್ನು ಹಿಡಿದು ನೋಡಿದರೆ, ಈ ಶಾಸ್ತ್ರವನ್ನು ಬಲ್ಲವನು ಊರಿನ ನಾಡಿಯನ್ನು ಹಿಡಿದು ನೋಡುತ್ತಾನೆ.

ಈ ವಿದ್ಯೆಯಲ್ಲಿ ಬೀಳದೆ ಉಳಿದವರ ಎಣಿಕೆಗೆ ಬಿದ್ದವರ ಎಣಿಕೆಯಷ್ಟೇ ಬೆಲೆ. 1854ರಲ್ಲಿ ಲಂಡನ್ ನಗರದ ಬ್ರಾಡ್ ಬೀದಿಯ ಸುತ್ತ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದನೆಂಬುದನ್ನು ಎಲ್ಲರೂ ಕೇಳಿರುವಿರಿ. ಅದಕ್ಕಿಂತ ಸ್ವಾರಸ್ಯವಾದುದು ಬೇರೊಂದುಂಟು. ಅದೇ ಬೀದಿಯ ಮದ್ಯ ತಯಾರಿಸುವ ಕಾರ್ಖಾನೆಯ ಆಳುಗಳಿಗೆ ಏನೂ ಆಗಲಿಲ್ಲ. ಅವರು ಬೀದಿಯ ಪಂಪಿನ ನೀರನ್ನು ಕುಡಿಯುತ್ತಲೇ ಇರಲಿಲ್ಲ. ಪಂಪಿನ ಮೇಲಣ ಸಂದೇಹ ಗಟ್ಟಿಯಾದದ್ದು ಇಂಥವರಿಂದ. ರೋಗಾಣುವನ್ನು ಇಟಲಿಯ ಪಚೀನಿ ಅದೇ 1854ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದನಾದರೂ ಲೋಕವು ಅದನ್ನು ಲಕ್ಷ್ಯಕ್ಕೆ ತಂದುಕೊಂಡದ್ದು ಮೂವತ್ತು ವರ್ಷಗಳ ತರುವಾಯ, 1884ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಕಲ್ಕತ್ತೆಯಲ್ಲಿ ಅದನ್ನು ರೋಗಿಗಳ ಕರುಳಿನಲ್ಲಿಯೂ ಒಂದು ಕೆರೆಯ ನೀರಿನಲ್ಲಿಯೂ ತೋರಿಸಿಕೊಟ್ಟ ಮೇಲೆ.

ಕೆರೆಯೆಂದ ಮೇಲೆ ನಮ್ಮ ಧಾರವಾಡ ಜಿಲ್ಲೆಗೆ ಬರೋಣ. ಈ ಜಿಲ್ಲೆಯನ್ನು ಪಡುವಲಿಂದ ಮೂಡಲಿಗೆ ನಡೆದು ನೋಡಿದರೆ ನೀರಿನ ಕಥೆಯೇ ಬದಲಾಗುತ್ತ ಹೋಗುವುದು. ಕಲಘಟಗಿಯ ಕಡೆ ಮಲೆನಾಡಿನ ಸೆರಗು. ಕೆಂಪು ನೆಲ, ಭತ್ತದ ಗದ್ದೆ, ಅಲ್ಲಲ್ಲಿ ಸಣ್ಣ ಕೆರೆ, ಬೇಡ್ತಿಯ ಹರಿವು. ಕುಂದಗೋಳವನ್ನು ದಾಟಿ ಅಣ್ಣಿಗೇರಿ, ನವಲಗುಂದಗಳ ಕಡೆಗೆ ಹೋದಂತೆ ಮಳೆ ಕಡಿಮೆಯಾಗುವುದು, ಎರೆಭೂಮಿ ಹರಡಿಕೊಳ್ಳುವುದು. ಹತ್ತಿಗೂ ಜೋಳಕ್ಕೂ ಕಡಲೆಗೂ ಆ ನೆಲ ತಾಯಿಯಂಥದು. ಬಾಯಾರಿದವನಿಗೆ ಮಾತ್ರ ಅಷ್ಟು ಕರುಣೆಯುಳ್ಳದ್ದಲ್ಲ. ಅಲ್ಲಿ ಬಾವಿ ತೋಡಿದರೆ ಅನೇಕ ಕಡೆ ದೊರೆಯುವುದು ಸವುಳು ನೀರು. ಆದಕಾರಣ ಆ ಊರುಗಳು ತಲೆತಲಾಂತರದಿಂದ ಕುಡಿಯುವ ನೀರಿಗೆ ಕೆರೆಯನ್ನೇ ನೆಚ್ಚಿಕೊಂಡವು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಾದ ಮೇಲೆ ಕಾಲುವೆಯ ನೀರಿನಿಂದ ಆ ಕೆರೆಗಳನ್ನು ತುಂಬಿಸಿಕೊಳ್ಳುವ ಅನುಕೂಲವೂ ಒದಗಿತು.

ಕೆರೆಯ ನೀರು ಸಿಹಿ. ಆದರೆ ಅದು ತೆರೆದ ನೀರು. ಎರೆಯ ನೆಲ ಬೇಸಗೆಯಲ್ಲಿ ಬಾಯಿಬಿಟ್ಟು, ಮಳೆ ಬಿದ್ದೊಡನೆ ಉಬ್ಬಿ ಮುಚ್ಚಿಕೊಳ್ಳುವುದು. ಆಮೇಲೆ ಬಿದ್ದ ನೀರು ಇಂಗಲಾರದೆ ಮೇಲೆಯೇ ಓಡುವುದು. ಬೇಸಗೆಯುದ್ದಕ್ಕೂ ಹೊಲದ ಬದುವಿನಲ್ಲಿ, ರಸ್ತೆಯ ಮಗ್ಗುಲಲ್ಲಿ, ಹಳ್ಳದ ದಂಡೆಯಲ್ಲಿ ಮನುಷ್ಯರೂ ದನಗಳೂ ಬಿಟ್ಟದ್ದನ್ನೆಲ್ಲ ಅದು ಕೆಲವು ತಾಸಿನಲ್ಲಿ ಒಟ್ಟುಗೂಡಿಸಿ ತಗ್ಗಿಗೆ ತರುವುದು. ಮುಂಗಾರಿನ ಮೊದಲ ಮಳೆಗೂ ಪತ್ರಿಕೆಯ ನಾಲ್ಕು ಸಾಲಿಗೂ ಇರುವ ನಂಟು ಇದೇ.

ಕುಂದಗೋಳದ ವಿಷಯದಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. ಸುತ್ತಲ ಸೀಮೆಯೆಲ್ಲ ಮುಂಬಯಿ ಇಲಾಖೆಯದಾಗಿದ್ದಾಗ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ಹೀಗೆಯೇ ನಡೆಯಿತು. ಲೆಕ್ಕದ ಪುಸ್ತಕಗಳೂ ಅಧಿಕಾರಿಗಳೂ ಬೇರೆಬೇರೆ. ಹಳ್ಳದ ನೀರಿಗೆ ಮಾತ್ರ ಆ ಗಡಿಯ ಅರಿವು ಇರಲಿಲ್ಲ.

ಇನ್ನು ರೋಗಾಣುಗಳ ವಿಷಯ. ಕರುಳಿನ ಬೇನೆಯೆಂದರೆ ಒಂದೇ ರೋಗವಲ್ಲ, ಒಂದು ಬಳಗ. ಕಾಲರಾವನ್ನು ತರುವ ವಿಬ್ರಿಯೊ ಅದರಲ್ಲಿ ಹೆಚ್ಚು ಹೆಸರಾದುದು. ಎಶರಿಕಿಯ ಕೋಲಿ ಎಂಬ ದಂಡಾಣುವಿನಲ್ಲಿ ನಮ್ಮೆಲ್ಲರ ಕರುಳಿನಲ್ಲಿ ತೆಪ್ಪಗೆ ವಾಸಮಾಡುವ ಸಾಧುಗಳೂ ಉಂಟು, ವಿಷವನ್ನು ಕಾರಿ ನೀರುಭೇದಿಯನ್ನು ತರುವ ಕುಲಗಳೂ ಉಂಟು. ಜಪಾನಿನ ಶಿಗಾ ಎಂಬುವರು 1897ರಲ್ಲಿ ಕಂಡುಹಿಡಿದ ಶಿಗೆಲ್ಲವು ಕರುಳಿನ ಗೋಡೆಯನ್ನೇ ಹೊಕ್ಕು ರಕ್ತಭೇದಿಯನ್ನು ಉಂಟುಮಾಡುವುದು. ಸಾಲ್ಮೊನೆಲ್ಲದ ಬಳಗದಲ್ಲಿ ಒಂದು ವಿಷಮಶೀತಜ್ವರವನ್ನು ತಂದರೆ ಉಳಿದವು ಆಹಾರದ ಮೂಲಕ ಹೊಟ್ಟೆ ಕೆಡಿಸುವುವು. ಕೋಳಿಯ ಮೂಲಕ ಮನೆಯೊಳಗೆ ಬರುವ ಕ್ಯಾಂಪಿಲೊಬ್ಯಾಕ್ಟರ್ ಎಂಬುದೂ ಒಂದಿದೆ. ಎಲ್ಲ ಭೇದಿಯೂ ಬ್ಯಾಕ್ಟೀರಿಯದ್ದಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಆಫ್ರಿಕ ಮತ್ತು ಏಷ್ಯಗಳ ಏಳು ಸ್ಥಳಗಳಲ್ಲಿ, ನಮ್ಮ ಕಲ್ಕತ್ತೆಯನ್ನೂ ಸೇರಿಸಿ, ಸಣ್ಣ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಭಾರಿ ಶೋಧನೆಯಲ್ಲಿ ತೀವ್ರವಾದ ಭೇದಿಗೆ ನಾಲ್ಕು ಮುಖ್ಯ ಕಾರಣಗಳು ಹೊರಬಿದ್ದವು: ರೋಟಾವೈರಸ್, ಕ್ರಿಪ್ಟೊಸ್ಪೋರಿಡಿಯಂ ಎಂಬ ಪರೋಪಜೀವಿ, ವಿಷಕಾರುವ ಕೋಲಿ, ಶಿಗೆಲ್ಲ. ನಾಲ್ಕರಲ್ಲಿ ಎರಡು ಮಾತ್ರ ಬ್ಯಾಕ್ಟೀರಿಯ.

ಈ ಬಳಗದವರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ತಿಳಿಯುವುದಕ್ಕೆ ಒಂದು ಸುಲಭವಾದ ಕೀಲಿಯುಂಟು. ಅದು ಪ್ರಮಾಣ. ಕಾಲರಾದ ಅಣುಗಳು ಆರೋಗ್ಯವಂತನ ಜಠರದ ಆಮ್ಲವನ್ನು ದಾಟಿ ಕೆಲಸ ನಡೆಸಬೇಕಾದರೆ ಸಾಮಾನ್ಯವಾಗಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಹೊಟ್ಟೆಗೆ ಹೋಗಬೇಕು. ವಿಷಕಾರುವ ಕೋಲಿಯದೂ ಹೆಚ್ಚು ಕಡಿಮೆ ಇದೇ ರೀತಿ. ಶಿಗೆಲ್ಲಕ್ಕೆ ಹತ್ತರಿಂದ ನೂರು ಅಣುಗಳಾದರೆ ಸಾಕು. ಈ ಒಂದು ಭೇದದಿಂದ ಎಷ್ಟೋ ವಿಷಯಗಳು ತಾವಾಗಿಯೇ ಹೊರಡುವುವು. ಕೋಟಿಗಟ್ಟಲೆ ಬೇಕಾದವನು ನೀರನ್ನೋ, ತಂಗಳನ್ನವನ್ನೋ, ಬೆಚ್ಚಗಿನ ಹವೆಯನ್ನೋ ಆಶ್ರಯಿಸಿ ಬೆಳೆಯಬೇಕು. ಅವನು ಬಂದಾಗ ಊರಿಗೆ ಊರೇ ಒಟ್ಟಿಗೆ ಬೀಳುವುದು, ಪತ್ರಿಕೆಯಲ್ಲಿ ಸುದ್ದಿಯಾಗುವುದು. ಹತ್ತು ಅಣು ಸಾಕಾದವನಿಗೆ ಕೆರೆಯೂ ಬೇಡ, ಕಾಲುವೆಯೂ ಬೇಡ. ತಾಯಿಯ ಬೆರಳು, ನೊಣದ ಕಾಲು, ತಂಬಿಗೆಯ ಅಂಚು ಸಾಕು. ಅವನು ಈ ಮನೆಯಲ್ಲಿ ಒಂದು ಮಗುವನ್ನು, ಮುಂದಿನ ವಾರ ಆ ಮನೆಯಲ್ಲಿ ಇನ್ನೊಂದು ಮಗುವನ್ನು ಹಿಡಿಯುತ್ತ ವರ್ಷವೆಲ್ಲ ಊರಿನಲ್ಲಿ ಸುಳಿದಾಡುವನು. ಯಾವ ಪತ್ರಿಕೆಯಲ್ಲಿಯೂ ಅವನ ಹೆಸರು ಬಾರದು. ಮಕ್ಕಳ ಮೈಯನ್ನು ದಿನದಿನಕ್ಕೆ ಸವೆಯಿಸುವುದು ಹೆಚ್ಚಾಗಿ ಈ ಸದ್ದಿಲ್ಲದ ಬೇನೆಯೇ ಎಂಬುದು ನಮ್ಮ ಅಭಿಪ್ರಾಯ.

ದೊಡ್ಡ ಪ್ರಮಾಣದ ಶತ್ರುವನ್ನು ತಡೆಯುವುದಕ್ಕೆ ದೊಡ್ಡ ಬಾಗಿಲಿನಲ್ಲಿಯೇ ಕಾವಲಿಡಬೇಕು, ಎಂದರೆ ಕೆರೆಯ ಬಳಿಯಲ್ಲಿ. ಇದಕ್ಕೆ ಹಳೆಯದೂ ಸರಳವೂ ಆದ ಉಪಾಯ ಮರಳಿನ ಶೋಧಕ. ಅದರ ಬಲವನ್ನು ತಿಳಿಸುವ ಪ್ರಸಿದ್ಧವಾದ ನಿದರ್ಶನ ಜರ್ಮನಿಯದು. ಹ್ಯಾಂಬರ್ಗ್ ಮತ್ತು ಆಲ್ಟೋನ ಎಂಬವು ಅಕ್ಕಪಕ್ಕದ ಪಟ್ಟಣಗಳು, ಮನೆಗೆ ಮನೆ ತಾಗಿದಂತೆ ಇದ್ದವು. ಎರಡೂ ಎಲ್ಬ್ ನದಿಯ ನೀರನ್ನೇ ಕುಡಿಯುತ್ತಿದ್ದವು. ಹ್ಯಾಂಬರ್ಗ್ ಮೇಲ್ಗಡೆಯ ನೀರನ್ನು ಹಾಗೆಯೇ ತೆಗೆದುಕೊಳ್ಳುತ್ತಿತ್ತು. ಆಲ್ಟೋನ ಕೆಳಗಡೆ, ಹ್ಯಾಂಬರ್ಗಿನ ಹೊಲಸು ಸೇರಿದ ನೀರನ್ನು ತೆಗೆದುಕೊಂಡರೂ ಮರಳಿನಲ್ಲಿ ಸೋಸಿ ಕುಡಿಯುತ್ತಿತ್ತು. 1892ರಲ್ಲಿ ಕಾಲರಾ ಬಂದಾಗ ಹ್ಯಾಂಬರ್ಗಿನಲ್ಲಿ 8,600ರಷ್ಟು ಜನ ಸತ್ತರು. ಆಲ್ಟೋನದಲ್ಲಿ ಬೇನೆ ಊರಾಗಿ ಹಬ್ಬಲೇ ಇಲ್ಲ. ಎರಡು ಪಟ್ಟಣಗಳ ಎಲ್ಲೆಯ ಮೇಲಿದ್ದ ಬೀದಿಯಲ್ಲಿ ಹ್ಯಾಂಬರ್ಗಿನ ಮಗ್ಗುಲಿನ ಮನೆಗಳಲ್ಲಿ ರೋಗ, ಎದುರು ಮಗ್ಗುಲಿನಲ್ಲಿ ಇಲ್ಲ.

ಶೋಧಕದ ಗುಟ್ಟು ಮರಳಿನಲ್ಲಿಯೇ ಇಲ್ಲ. ಮರಳಿನ ಮೇಲೆ ಕೆಲವು ವಾರಗಳಲ್ಲಿ ಪಾಚಿಯೂ ಜೀವಾಣುಗಳೂ ಕೂಡಿ ಒಂದು ಲೋಳೆಯ ಪದರ ಕಟ್ಟುವುದು. ರೋಗಾಣುಗಳನ್ನು ಹಿಡಿದು ತಿನ್ನುವುದು ಆ ಪದರ. ಅದು ಜೀವಂತವಾದುದರಿಂದ ಅದಕ್ಕೆ ಸದಾ ನೀರು ಬೇಕು, ನಿಧಾನವಾದ ಹರಿವು ಬೇಕು. ಅದನ್ನು ಒಣಗಗೊಟ್ಟರೆ ಸತ್ತುಹೋಗುವುದು. ತೀರ ಕಟ್ಟಿಕೊಂಡಾಗ ಮೇಲಿನದನ್ನು ತೆಳ್ಳಗೆ ಕೆರೆದು ಮತ್ತೆ ಕಟ್ಟುವವರೆಗೆ ಕಾಯಬೇಕು. ಬಡಪಾಯಿ ನೀರುಗಂಟಿಗೆ ಇದನ್ನು ಯಾರೂ ಹೇಳಿಕೊಡದಿದ್ದರೆ ಅವನು ಸೋರಿಕೆ ಕಡಿಮೆಯಾಯಿತೆಂದು ಪದರವನ್ನೆಲ್ಲ ಎತ್ತಿ ಬಿಸುಟು, ಅಥವಾ ಶೋಧಕವನ್ನೇ ಬಳಸಿ ಹೋಗುವ ಕೊಳವೆಯ ತಿರುಪನ್ನು ತೆರೆದು, ಊರಿಗೆ ನೀರು ಬಿಡುವನು. ನೀರು ಬಂತೆಂದು ಊರು ಅವನನ್ನು ಹೊಗಳುವುದು. ಎರೆಸೀಮೆಯ ಕೆರೆನೀರಿಗೆ ಇನ್ನೊಂದು ತೊಡಕು ಉಂಟು. ಬರಿಯ ಬ್ಲೀಚಿಂಗ್ ಪುಡಿಯನ್ನು ನೆಚ್ಚಿದರೆ, ನೀರಿನಲ್ಲಿ ತೇಲುವ ಮಣ್ಣೂ ಕೊಳೆತ ಪದಾರ್ಥವೂ ಕ್ಲೋರಿನ್ನಿನ ಬಹುಭಾಗವನ್ನು ನುಂಗಿಬಿಡುವುವು. ರೋಗಾಣುಗಳ ಪಾಲಿಗೆ ಉಳಿಯುವುದು ಸ್ವಲ್ಪ.

ಕೆರೆಯಿಂದ ಮನೆಗೆ ಬರೋಣ. ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬುವ ಪದ್ಧತಿ ನಮ್ಮಲ್ಲಿ ಹಳೆಯದು. ಜೈನರಲ್ಲಂತೂ ಅದು ಧರ್ಮದ ಅಂಗ. ವಿದ್ಯಾವಂತರು ಇದನ್ನು ಕಂಡು ನಗುವುದುಂಟು; ಬಟ್ಟೆಯ ಕಣ್ಣೆಲ್ಲಿ, ಬ್ಯಾಕ್ಟೀರಿಯದ ಗಾತ್ರವೆಲ್ಲಿ ಎಂದು. ನಗುವುದಕ್ಕೆ ಮುಂಚೆ ಬಂಗಾಳದ ಮೂಡಲ ಭಾಗದ, ಈಗಿನ ಬಾಂಗ್ಲಾದೇಶದ, ಮತ್ಲಬ್ ಎಂಬಲ್ಲಿ ನಡೆದ ಪರೀಕ್ಷೆಯನ್ನು ತಿಳಿಯಬೇಕು. ರೀಟಾ ಕಾಲ್ವೆಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸುವಂತೆ ಹೆಂಗಸರಿಗೆ ಕಲಿಸಿದರು. 2003ರಲ್ಲಿ ಹೊರಬಂದ ಫಲ: ಕಾಲರಾ ಶೇಕಡ 48ರಷ್ಟು ತಗ್ಗಿತ್ತು. ಇದು ಪವಾಡವಲ್ಲ. ಕೆರೆಯಲ್ಲಿ ಈಜಾಡುವ ಕಣ್ಣಿಗೆ ಕಂಡೂ ಕಾಣದಂಥ ಸಿಗಡಿಜಾತಿಯ ಸಣ್ಣ ಪ್ರಾಣಿಗಳ ಮೈಗೆ ಕಾಲರಾದ ಅಣುಗಳು ಸಾವಿರಗಟ್ಟಲೆ ಅಂಟಿಕೊಂಡಿರುವುವು. ಬಟ್ಟೆ ಹಿಡಿಯುವುದು ಸವಾರನನ್ನಲ್ಲ, ಕುದುರೆಯನ್ನು. ಕುದುರೆಯಿಲ್ಲದೆ ಬರುವ ಶಿಗೆಲ್ಲವನ್ನು ಆ ಸೀರೆ ತಡೆಯಲಾರದು. ಸೋಸಿದ ನೀರನ್ನು ಹರವಿಗೆ ಹಾಕಿ, ಹೊರಗಿನಿಂದ ಬಂದ ಮಗು ಅದರಲ್ಲಿ ಮೊಣಕೈವರೆಗೆ ಕೈಯಿಳಿಸಿ ಲೋಟ ಮೊಗೆದುಕೊಂಡರೆ ಅಲ್ಲಿಗೆ ಕೆರೆ, ಶೋಧಕ, ಬಟ್ಟೆ ಎಲ್ಲವೂ ವ್ಯರ್ಥ. ಹಿಡಿಕೆಯುಳ್ಳ ಒಂದು ಸೌಟು, ಇಲ್ಲವೆ ಬುಡದಲ್ಲಿ ನಲ್ಲಿಯಿರುವ ಪಾತ್ರೆ, ಇವುಗಳ ಬೆಲೆಯನ್ನು ನೋಡಿ ಹೇಳುವುದಾದರೆ, ಇಷ್ಟು ಅಗ್ಗದ ಔಷಧ ಬೇರೆ ಇಲ್ಲ.

ಹಾಗಾದರೆ ಮನೆಮನೆಗೆ ನಳ ಬಂದರೆ ಎಲ್ಲವೂ ಸರಿಹೋಯಿತೆ? ಇದಕ್ಕೆ ಉತ್ತರವನ್ನು ನಮ್ಮ ಜಿಲ್ಲೆಯೇ ಕೊಟ್ಟಿದೆ. ಹುಬ್ಬಳ್ಳಿ ಧಾರವಾಡಗಳಲ್ಲಿ ನೀರು ಹಲವು ದಿನಗಳಿಗೊಮ್ಮೆ ಕೆಲವು ತಾಸು ಮಾತ್ರ ಬರುತ್ತಿತ್ತು. ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದರಲ್ಲಿ ಅಲ್ಲಿನ ಎಂಟು ವಾರ್ಡುಗಳಿಗೆ ಮಾತ್ರ ಹಗಲಿರುಳು ನೀರು ದೊರೆಯುವ ಏರ್ಪಾಡಾಯಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಎಂಟನ್ನು, ಇವುಗಳನ್ನೇ ಹೋಲುವ ಬೇರೆ ಎಂಟು ವಾರ್ಡುಗಳೊಡನೆ ಸರಿದೂಗಿಸಿ ನೋಡಿದರು. ಆಗಾಗ ಬರುವ ನೀರಿನ ಮಾದರಿಗಳಲ್ಲಿ ಮೂರರಲ್ಲೊಂದರಷ್ಟರಲ್ಲಿ ಕೋಲಿ ಸಿಕ್ಕಿತು. ಸದಾ ಬರುವ ನೀರಿನಲ್ಲಿ ನೂರಕ್ಕೊಂದೂ ಇಲ್ಲ. ಕೊಳವೆ ಬರಿದಾದಾಗ ಅದು ಸುಮ್ಮನಿರುವುದಿಲ್ಲ. ಸಂದುಗಳಲ್ಲಿ ಹೊರಗಿನ ಚರಂಡಿಯ ನೀರನ್ನು ಹೀರಿಕೊಳ್ಳುವುದು. ನೀರು ಬಿಟ್ಟಾಗ ಮೊದಲು ಬರುವ ಧಾರೆಯಲ್ಲಿ ಆ ಹೊಲಸು ಇರುವುದು. ಕೊಡ ತುಂಬಲು ನಾವು ಓಡುವುದೂ ಅದೇ ಮೊದಲ ಧಾರೆಗೆ.

ರೋಗದ ಲೆಕ್ಕ 2015ರಲ್ಲಿ ಪ್ರಕಟವಾಯಿತು. 3,900ಕ್ಕೂ ಮಿಕ್ಕಿದ ಮನೆಗಳನ್ನು ಹದಿನೈದು ತಿಂಗಳ ಕಾಲ ಮತ್ತೆ ಮತ್ತೆ ಸಂದರ್ಶಿಸಿ ಮಾಡಿದ ಲೆಕ್ಕವದು. ಸದಾ ನೀರಿದ್ದ ಮನೆಗಳಲ್ಲಿ ವಿಷಮಶೀತಜ್ವರ ಕಂಡ ಮನೆಗಳು ಶೇಕಡ 42ರಷ್ಟು ಕಡಿಮೆ. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಶೇಕಡ 37ರಷ್ಟು ಕಡಿಮೆ. ಆದರೆ ಸಾಧಾರಣ ಭೇದಿಯಲ್ಲಿ ಒಟ್ಟಿನ ಮೇಲೆ ಗಣನೀಯವಾದ ಅಂತರ ಕಾಣಲಿಲ್ಲ. ಈ ಫಲವನ್ನು ಕೇಳಿ ಕೆಲವರು ನಿರಾಶರಾದರು. ನಮಗೆ ಇದು ಬಹಳ ಬೆಲೆಯುಳ್ಳ ಫಲವೆಂದು ತೋರುವುದು. ನೀರಿನ ಮಾರ್ಗವೊಂದನ್ನು ಭದ್ರಪಡಿಸಿದಾಗ ಆ ಮಾರ್ಗದಿಂದ ಬರುವ ಬೇನೆಗಳು ತಗ್ಗಿದವು. ಕೈಯಿಂದ, ಅನ್ನದಿಂದ, ನೆಲದಿಂದ ಬರುವವು ತಮ್ಮ ದಾರಿಯನ್ನು ಬಿಡಲಿಲ್ಲ. ಎಲ್ಲವನ್ನೂ ಸೇರಿಸಿ 'ಭೇದಿ' ಎಂದು ಒಂದೇ ಕಂಬದಲ್ಲಿ ಬರೆದಿದ್ದರೆ ಹೀಗೆ ತಿಳಿಯುತ್ತಲೇ ಇರಲಿಲ್ಲ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಿಂದ ಹಳ್ಳಿಗಳ ಮನೆಬಾಗಿಲಿಗೆ ನಳಗಳು ಬಂದಿವೆ, ಬರುತ್ತಿವೆ. ಅವುಗಳಲ್ಲಿ ನೀರು ದಿನಕ್ಕೆಷ್ಟು ತಾಸು ಇರುವುದೆಂಬ ಪ್ರಶ್ನೆ, ನಳಗಳು ಎಷ್ಟು ಎಂಬ ಪ್ರಶ್ನೆಗಿಂತ ಚಿಕ್ಕದಲ್ಲ.

ಈಗ ನಗರವಾಸಿಗಳಾದ ನಮ್ಮ ಸರದಿ. ಹುಬ್ಬಳ್ಳಿಯು ಎರಡು ಕಡಲುಗಳ ನೀರನ್ನು ಬೇರ್ಪಡಿಸುವ ದಿಣ್ಣೆಯ ಮೇಲಿದೆ. ಅದಕ್ಕೆ ಕುಡಿಯುವ ನೀರಿನಲ್ಲಿ ಒಂದು ಪಾಲು ಬಂದದ್ದು ಕಲಘಟಗಿ ತಾಲೂಕಿನ ನೀರಸಾಗರದಿಂದ, ಎಂದರೆ ಪಡುವಣ ಕಡಲಿಗೆ ಹರಿಯುವ ಬೇಡ್ತಿಯಿಂದ. ಬಳಸಿ ಬಿಟ್ಟ ನೀರು ಹೋಗುವುದು ಮೂಡಲಿಗೆ. ನಾಲೆಗಳ ಮೂಲಕ ಬೆಣ್ಣೆಹಳ್ಳವನ್ನು ಸೇರಿ, ನವಲಗುಂದದ ಸೀಮೆಯನ್ನು ಹಾದು, ಮಲಪ್ರಭೆಗೆ. ಆ ನಾಲೆಗಳ ದಂಡೆಯ ರೈತರು ಹೊಲಸುನೀರನ್ನೇ ಎತ್ತಿ ಕಾಯಿಪಲ್ಲೆ ಬೆಳೆಯುವುದನ್ನು ಕೃಷಿ ವಿಶ್ವವಿದ್ಯಾಲಯದವರೂ ಹೊರನಾಡಿನ ವಿದ್ವಾಂಸರೂ ಕೂಡಿ 2003ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ರೈತನಿಗೆ ಅದು ಬೇಸಗೆಯಲ್ಲಿಯೂ ಬತ್ತದ ನೀರು, ಗೊಬ್ಬರವನ್ನೂ ಹೊತ್ತು ತರುವ ನೀರು. ಅವನನ್ನು ದೂರುವ ಮೊದಲು ಬೇರೆ ನೀರು ಎಲ್ಲಿದೆಯೆಂದು ತೋರಿಸಬೇಕು. ಆ ಪಲ್ಲೆ ಮತ್ತೆ ಹುಬ್ಬಳ್ಳಿಯ ಪೇಟೆಗೇ ಬರುವುದೆಂಬುದನ್ನೂ ಮರೆಯಬಾರದು. ಕೆಳಗಡೆ ಯಮನೂರಿನ ಉರುಸಿನಲ್ಲಿ ಹಿಂದೂ ಮುಸಲ್ಮಾನರೆನ್ನದೆ ಸಾವಿರಾರು ಜನ ಅದೇ ಬೆಣ್ಣೆಹಳ್ಳದಲ್ಲಿ ಭಕ್ತಿಯಿಂದ ಮೀಯುವರು. ಆ ಹಳ್ಳದಲ್ಲಿ ಹರಿಯುವುದರಲ್ಲಿ ನಮ್ಮ ಪಾಲೆಷ್ಟು ಎಂಬ ಲೆಕ್ಕವನ್ನು ನಾವು ಕೇಳಿಕೊಂಡದ್ದು ಕಡಿಮೆ. ಆಲ್ಟೋನ ಕೆಳಗಡೆಯಿದ್ದೂ ಬದುಕಿತು, ನಿಜ. ಅದಕ್ಕೆ ಶೋಧಕವನ್ನು ಕಟ್ಟಿ ಕಾಯುವ ಹಣವಿತ್ತು.

ಬೇನೆ ಬಂದೇ ಬಂದಾಗ ಮಾಡಬೇಕಾದುದನ್ನು ಚಿಕ್ಕದಾಗಿ ಹೇಳುವೆವು. ಕಾಲರಾ ಕೊಲ್ಲುವುದು ತನ್ನ ವಿಷದಿಂದ ಎಂಬುದನ್ನು ಕಲ್ಕತ್ತೆಯ ಶಂಭುನಾಥ ಡೇ 1959ರಲ್ಲಿ ಸಾಧಿಸಿ ತೋರಿಸಿದರು. ಆ ವಿಷವು ಕರುಳಿನಿಂದ ನೀರನ್ನೂ ಉಪ್ಪನ್ನೂ ಹೊರಚೆಲ್ಲಿಸುವುದು. ಆದರೆ ಸಕ್ಕರೆಯ ಜೊತೆಗೂಡಿ ಉಪ್ಪು ಒಳಕ್ಕೆ ಹೋಗುವ ಬಾಗಿಲನ್ನು ಅದು ಮುಚ್ಚಲಾರದು. 1971ರಲ್ಲಿ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಸೂಜಿಮದ್ದು ತೀರಿಹೋಗುತ್ತಿದ್ದಾಗ ದಿಲೀಪ ಮಹಲನಬೀಸರು ಈ ಬಾಗಿಲನ್ನೇ ನಂಬಿ, ಉಪ್ಪುಸಕ್ಕರೆಯ ನೀರನ್ನು ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅಂಗಡಿಯ ಪೊಟ್ಟಣ ದೊರೆಯದಿದ್ದರೆ ಒಂದು ಲೀಟರು ಶುದ್ಧವಾದ ನೀರಿಗೆ ಆರು ಚಹಚಮಚ ಸಕ್ಕರೆ, ಅರ್ಧ ಚಹಚಮಚ ಉಪ್ಪು. ಎರಡನ್ನೂ ಮಟ್ಟಸವಾಗಿ ಅಳೆಯಬೇಕು. ಮಗುವಿಗೆ ಎದೆಹಾಲನ್ನು ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದೆ ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ. ಬರಿಯ ನೀರುಭೇದಿಗೆ ಅಂಗಡಿಯಿಂದ ತಂದು ನುಂಗುವ ಪ್ರತಿಜೀವಕದ ಗುಳಿಗೆ ಬಹುತೇಕ ನಿಷ್ಪ್ರಯೋಜಕ. ಅದು ರೋಗಾಣುಗಳಿಗೆ ಮದ್ದನ್ನು ಜೀರ್ಣಿಸಿಕೊಳ್ಳುವ ಅಭ್ಯಾಸ ಮಾಡಿಸುವುದಷ್ಟೆ.

ಇನ್ನು ಆ 'ಶಂಕಿಸಲಾಗಿದೆ' ಎಂಬ ಮಾತು. ಅದನ್ನು ತೆಗೆದುಹಾಕಲು ದೊಡ್ಡ ಪ್ರಯೋಗಶಾಲೆಯೇ ಹಳ್ಳಿಗೆ ಬರಬೇಕಾಗಿಲ್ಲ. ಮಾಂಜಾ, ಮೌರ್ಯ, ರಾವ್ ಎಂಬ ನಮ್ಮವರೇ ಆದ ಮೂವರು 1982ರಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ಪ್ರಕಟಿಸಿದರು. ಔಷಧ ಸವರಿದ ಕಾಗದದ ತುಂಡಿರುವ ಸಣ್ಣ ಸೀಸೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಸಂಪರ್ಕವುಳ್ಳ ನೀರು ಒಂದೆರಡು ದಿನದಲ್ಲಿ ಕಪ್ಪಾಗುವುದು. ಓದುಬರೆಹ ಬಾರದವರೂ ಅದನ್ನು ನೋಡಿ ತಿಳಿಯಬಹುದು. ಹಳ್ಳಿಗೆ ಐವರಂತೆ ಹೆಂಗಸರಿಗೆ ನೀರಿನ ಪರೀಕ್ಷೆಯನ್ನು ಕಲಿಸುವ ಕ್ರಮ ಜಲಜೀವನ ಯೋಜನೆಯಲ್ಲಿದೆ. ಭೇದಿಯಾದ ಮಗುವಿನ ಮನೆಗೆ ಉಪ್ಪುಸಕ್ಕರೆಯ ಪೊಟ್ಟಣ ಕೊಂಡೊಯ್ಯುವ ಆಶಾ ಕಾರ್ಯಕರ್ತೆ ಪ್ರತ್ಯೇಕವಾಗಿ ಇದ್ದಾಳೆ. ಒಬ್ಬಳಲ್ಲಿ ಸೀಸೆ ಕಪ್ಪಾದ ದಿನಾಂಕ, ಇನ್ನೊಬ್ಬಳಲ್ಲಿ ಮಗು ಬಿದ್ದ ದಿನಾಂಕ. ಎರಡೂ ಬೇರೆಬೇರೆ ಇಲಾಖೆಗಳ ಬೇರೆಬೇರೆ ಪುಸ್ತಕಗಳಿಗೆ ಹೋಗುವುವು. ನವಲಗುಂದದ ಒಂದು ಹಳ್ಳಿಯಲ್ಲಿ ಒಂದು ಮಳೆಗಾಲದ ಮಟ್ಟಿಗೆ ಇವೆರಡನ್ನೂ ಒಂದೇ ಹಾಳೆಯ ಮೇಲೆ ಎದುರುಬದಿರಾಗಿ ಬರೆದು, ಯಾವ ಕೇರಿ, ಯಾವ ನಳ, ಮಲದಲ್ಲಿ ರಕ್ತವಿತ್ತೆ ಇಲ್ಲವೆ ಎಂಬ ಮೂರು ಕಂಬಗಳನ್ನು ಸೇರಿಸಿದರೆ, ಆ ಹಾಳೆಯನ್ನು ನೋಡಲು ಮೊದಲು ಬರಬೇಕಾದವರು ಹುಬ್ಬಳ್ಳಿಯ ನಗರಸಭಾಸದಸ್ಯರು.